ಹತ್ತು ಯಂತ್ರಕ್ಕೆ ಒಬ್ಬಾಕಿ

ನಾನು ಯರಗಟ್ಟಿಯವಳು. ಬೆಳಗಾವಿಯಿಂದ ಬಾಗಲಕೋಟೆ ಕಡೆಗೆ ಬಸ್ಸಿನಲ್ಲಿ ಹೋದವರು ನಮ್ಮೂರನ್ನು ದಾಟಿಯೇ ಹೋಗಿರುತ್ತಾರೆ. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೆ. ಈಗ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿದ್ದೇನೆ. ನನ್ನ ಗಂಡ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ನಾನು ಒಂದು ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ, ಗಿರಾಕಿಗಳು ತಮ್ಮ ಬಿಲ್ ತಾವೇ ಮಾಡಿಕೊಳ್ಳುವ ಯಂತ್ರಗಳ ನಡುವೆ ನಿಲ್ಲುತ್ತೇನೆ. ಯಂತ್ರ ಹತ್ತು, ನಾನು ಒಬ್ಬಳು.

ಕೆಲಸ ಸಿಕ್ಕ ಸುದ್ದಿ ಹೇಳಿದಾಗ ಅವ್ವ ಫೋನಿನಲ್ಲಿ ಕೇಳಿದ್ದಳು: “ಮಂದಿ ತಾವ ಬಿಲ್ ಮಾಡ್ಕೊಂಡು, ತಾವ ರೊಕ್ಕಾ ಕಟ್ಟಿ ಹೋದ್ರ, ನಿನಗ್ಯಾಕ ಪಗಾರ ಕೊಡ್ತಾರ?” ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಎಲ್ಲವನ್ನೂ ಯಂತ್ರವೇ ಮಾಡುತ್ತದೆ ಎಂದಮೇಲೆ ಪಕ್ಕದಲ್ಲಿ ಮನುಷ್ಯರು ಯಾಕೆ ಬೇಕು? ನಮ್ಮ ಕಡೆಯ ಊರುಗಳಿಗೂ ಇಂದಲ್ಲ ನಾಳೆ ಬರಬಹುದಾದ ಕೆಲಸ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಟ್ಟೆಯೊಳಗಿನ ತಕ್ಕಡಿ

ಮೊದಲು ಯಂತ್ರದ ಪರಿಚಯ. ಎದುರಿಗೆ ಬೆರಳಿನಿಂದ ಒತ್ತುವ ಪರದೆ. ಅದರ ಕೆಳಗೆ ಬಾರ್‌ಕೋಡ್ ಓದುವ ಗಾಜು. ಬದಿಯಲ್ಲಿ ಚೀಲ ಇಡಲು ಒಂದು ಸ್ಟೀಲಿನ ಕಟ್ಟೆ. ನೋಡುವವರಿಗೆ ಅದು ಬರೀ ಕಟ್ಟೆ, ಆದರೆ ಅದರ ಕೆಳಗೆ ತಕ್ಕಡಿ ಇದೆ. ಅಂಗಡಿಯ ಕಂಪ್ಯೂಟರಿನಲ್ಲಿ ಪ್ರತಿ ಸಾಮಾನಿನ ಬೆಲೆಯ ಜೊತೆಗೆ ತೂಕವೂ ಬರೆದಿರುತ್ತದೆ. ನೀವು ಒಂದು ಕಿಲೋ ಸಕ್ಕರೆ ಪ್ಯಾಕೆಟ್ಟನ್ನು ಗಾಜಿನ ಮೇಲೆ ಆಡಿಸಿದಿರಿ ಅನ್ನಿ, ಕಟ್ಟೆಯ ಮೇಲೆ ಹೆಚ್ಚು ಕಡಿಮೆ ಒಂದು ಕಿಲೋ ಭಾರ ಬೀಳಬೇಕು. ಬಿದ್ದರೆ ಯಂತ್ರ ಮುಂದಿನ ಸಾಮಾನಿಗೆ ಕಾಯುತ್ತದೆ. ಭಾರ ಹೆಚ್ಚಾಗಲಿ, ಕಡಿಮೆಯಾಗಲಿ, ಬೀಳದೇ ಇರಲಿ, ಅದು ಅಲ್ಲಿಗೇ ನಿಂತುಬಿಡುತ್ತದೆ. ಕಂಬದ ಮೇಲಿನ ಹಸಿರು ದೀಪ ಕೆಂಪಾಗುತ್ತದೆ. ಒಂದು ಹೆಣ್ಣುದನಿ, ಸಹಾಯಕರು ಬರುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಆ ಸಹಾಯಕಿ ನಾನು.

ಯಾಕೆ ನಿಂತಿತು ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಲೆಕ್ಕ ಕೂಡಲಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತು. ಕಾರಣ ಹುಡುಕುವವಳು ನಾನು. ತಾಯಿಯ ಜೊತೆ ಬಂದ ಮಗು ಕಟ್ಟೆಗೆ ಮೊಣಕೈ ಊರಿರುತ್ತದೆ. ಯಾರೋ ಮೊಬೈಲ್ ಇಟ್ಟು ಮರೆತಿರುತ್ತಾರೆ. ಮನೆಯಿಂದ ತಂದ ಬಟ್ಟೆಚೀಲ ದಪ್ಪ ಇರುತ್ತದೆ. ಕೊತ್ತಂಬರಿಯ ಸಣ್ಣ ಪೊಟ್ಟಣ ಎಷ್ಟು ಹಗುರ ಎಂದರೆ ತಕ್ಕಡಿಗೆ ಅದು ಬಿದ್ದದ್ದೇ ತಿಳಿಯುವುದಿಲ್ಲ. ನನ್ನ ಕೈಯಲ್ಲಿ ಮೊಬೈಲಿನಂಥ ಒಂದು ಸಾಧನ ಇರುತ್ತದೆ. ಎಷ್ಟನೇ ಯಂತ್ರ, ಏನು ತಕರಾರು ಎಂದು ಅದರಲ್ಲಿ ಕಾಣುತ್ತದೆ. ಕೆಲವನ್ನು ನಿಂತಲ್ಲಿಂದಲೇ ಬಿಡಿಸಬಹುದು. ಕೆಲವಕ್ಕೆ ಹತ್ತಿರ ಹೋಗಿ, ಚೀಲ ನೋಡಿ, ನನ್ನ ಸಂಕೇತ ಒತ್ತಿ, “ಆಯ್ತು, ಮುಂದುವರಿಸಿ” ಎನ್ನಬೇಕು. ಒಂದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆದರೆ ಸಂಜೆ ಐದರಿಂದ ಏಳರವರೆಗೆ, ಮಂದಿ ಆಫೀಸು ಬಿಟ್ಟು ಬರುವ ಹೊತ್ತಿಗೆ, ಒಮ್ಮೆಗೇ ನಾಲ್ಕು ದೀಪ ಕೆಂಪಾಗುತ್ತವೆ. ಮೊದಲು ಯಾರ ಕಡೆ ಹೋಗುವುದು? ಕೈಗೂಸು ಎತ್ತಿಕೊಂಡವಳ ಕಡೆಗೆ, ಆಮೇಲೆ ವಯಸ್ಸಾದವರ ಕಡೆಗೆ. ಕೈಗಡಿಯಾರ ನೋಡಿಕೊಳ್ಳುತ್ತಾ ನಿಂತವರು ಕೊನೆಗೆ. ಇದು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ.

ಪ್ಯಾಕೆಟ್ ಇಲ್ಲದ ಕಾಯಿಪಲ್ಲೆಯದು ಬೇರೆಯೇ ಕಥೆ. ಬಿಡಿಯಾಗಿ ಮಾರುವ ಹಣ್ಣು ತರಕಾರಿಗೆ ಜಗತ್ತಿನ ಬಹಳ ದೇಶಗಳಲ್ಲಿ ನಾಲ್ಕು ಅಂಕಿಯ ಸಂಕೇತ ಇದೆ. 1990ರಿಂದ ಬಳಕೆಯಲ್ಲಿರುವ ಈ ಪದ್ಧತಿಯಲ್ಲಿ ಮಾಮೂಲಿ ಹಳದಿ ಬಾಳೆಹಣ್ಣಿನ ಸಂಖ್ಯೆ 4011. ಸಾವಯವದ್ದಾದರೆ ಮೊದಲಿಗೆ 9 ಸೇರಿ 94011. ಹಣ್ಣಿನ ಮೈಮೇಲಿನ ಸಣ್ಣ ಚೀಟಿಯಲ್ಲಿ ನೀವೂ ನೋಡಿರಬಹುದು. ನಮ್ಮ ಯಂತ್ರದಲ್ಲಿ ಸಂಖ್ಯೆ ಬೇಕಾಗಿಲ್ಲ, ಪರದೆಯ ಚಿತ್ರ ಒತ್ತಿದರೆ ಸಾಕು. ಕೇಳಲು ಸುಲಭ. ಆದರೆ ಉಳ್ಳಾಗಡ್ಡಿಯಲ್ಲೇ ಮೂರು ಚಿತ್ರ, ಮೆಣಸಿನಕಾಯಿಯಲ್ಲಿ ನಾಲ್ಕು. ಮೆಂತೆಪಲ್ಯ ಎಲ್ಲಿದೆ ಎಂದು ಹುಡುಕಲು ಅದರ ಇಂಗ್ಲಿಷ್ ಹೆಸರು ಗೊತ್ತಿರಬೇಕು.

ಲೆಸ್ಟರ್‌ನಲ್ಲಿ ಇಂಗ್ಲಿಷ್ ಬಿಟ್ಟರೆ ಹೆಚ್ಚು ಕೇಳುವ ಮಾತು ಗುಜರಾತಿ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಹೊರಹಾಕಿದಾಗ ಸಾವಿರಾರು ಗುಜರಾತಿ ಕುಟುಂಬಗಳು ಈ ಊರಿಗೆ ಬಂದವು. ಇಲ್ಲಿಗೆ ಬರಬೇಡಿ ಎಂದು ಆಗಿನ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತ್ತು. ಆದರೂ ಬಂದರು. ಇಂದು ಬೆಲ್‌ಗ್ರೇವ್ ರಸ್ತೆಯ ಉದ್ದಕ್ಕೂ ಅವರದೇ ಸೀರೆ, ಚಿನ್ನ, ಮಿಠಾಯಿ ಅಂಗಡಿಗಳು. ಆ ತಲೆಮಾರಿನ ಹೆಂಗಸರು ಈಗ ಮುದುಕಿಯರು. ಸ್ವೆಟರಿನ ಮೇಲೆ ಸೆರಗು ಹೊದ್ದು, ಗಾಲಿಚೀಲ ಎಳೆದುಕೊಂಡು ಬರುತ್ತಾರೆ. ಅವರನ್ನು ಎಲ್ಲರೂ ‘ಬಾ’, ಅಂದರೆ ಗುಜರಾತಿಯಲ್ಲಿ ಅವ್ವ, ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬೆಳಗಾವಿ ಸೀಮೆಯವಳಾದ್ದರಿಂದ ನನಗೆ ಮರಾಠಿ ಬರುತ್ತದೆ. ಅದಕ್ಕೆ ಹಿಂದಿ ಬೆರೆಸಿದರೆ ಅವರ ಜೊತೆ ಮಾತು ನಡೆಯುತ್ತದೆ.

ಒಬ್ಬ ಬಾ ಯಾವಾಗಲೂ ನನ್ನ ಪಾಳಿಯಲ್ಲೇ ಬರುತ್ತಾರೆ. ಮೆಂತೆಯ ಕಟ್ಟನ್ನು ಗಾಜಿನ ಮೇಲೆ ಇಟ್ಟು, ಕೈಕಟ್ಟಿ ನಿಂತು, ನನ್ನ ಕಡೆ ನೋಡುತ್ತಾರೆ. ನಾನು ಚಿತ್ರ ಒತ್ತುತ್ತೇನೆ. ಉಗಾಂಡಾದ ಜಿಂಜಾ ಊರಿನಲ್ಲಿ ಅವರಿಗೆ ಸ್ವಂತ ಅಂಗಡಿ ಇತ್ತಂತೆ. “ನಲವತ್ತು ಥರದ ಸಾಮಾನು ಕಣ್ಣಳತೆಯಲ್ಲೇ ತೂಗಿ ಕೊಡುತ್ತಿದ್ದೆ ಬೇಟಾ. ಈಗ ಈ ಪೆಟ್ಟಿಗೆ ನನ್ನನ್ನೇ ತೂಗಿ ನೋಡುತ್ತದೆ” ಎಂದು ಒಂದು ಸಂಜೆ ಹೇಳಿದರು. ನಗುತ್ತಲೇ ಹೇಳಿದರು. ಆದರೆ ಈ ಯಂತ್ರದ ಬಗ್ಗೆ ಅದಕ್ಕಿಂತ ಸರಿಯಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕೆಲಸ ಗಿರಾಕಿಗೆ ದಾಟಿದ ದಾರಿ

ಅಂಗಡಿಯವನ ಕೆಲಸ ಗಿರಾಕಿಯ ಕೈಗೆ ಬಂದದ್ದು ಒಮ್ಮೆಗೇ ಅಲ್ಲ. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಇಂದಿಗೂ ಕಟ್ಟೆಯ ಈಚೆ ನಿಂತು ಚೀಟಿ ಕೊಡುತ್ತೇವೆ. ಹುಡುಗ ಒಳಗಿನಿಂದ ಬೇಳೆ, ಬೆಲ್ಲ, ಸೋಪು ತಂದಿಡುತ್ತಾನೆ. ಸಾವಕಾರರು ಕಾಗದದ ಮೇಲೆ ಕೂಡಿಸಿ ಬರೆಯುತ್ತಾರೆ. ಒಂದು ಕಾಲಕ್ಕೆ ಲಂಡನ್, ನ್ಯೂಯಾರ್ಕಿನಲ್ಲೂ ವ್ಯಾಪಾರ ಹೀಗೇ ನಡೆಯುತ್ತಿತ್ತು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದು, ಗಿರಾಕಿಗಳ ಕೈಗೆ ಬುಟ್ಟಿ ಕೊಟ್ಟು, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ ಎಂದ. ಸಾಮಾನು ತಂದುಕೊಡುವ ಹುಡುಗರ ಪಗಾರ ಉಳಿಯಿತು, ಬೆಲೆ ಇಳಿಯಿತು, ಮಂದಿ ನುಗ್ಗಿದರು. ಬ್ರಿಟನ್ನಿಗೆ ಈ ಪದ್ಧತಿ ಯುದ್ಧದ ಕಾಲದಲ್ಲಿ ಬಂತು. 1942ರಲ್ಲಿ ಲಂಡನ್ ಸಹಕಾರ ಸಂಘ ರಾಮ್‌ಫರ್ಡ್‌ನ ತನ್ನ ಅಂಗಡಿಯಲ್ಲಿ ಅದನ್ನು ಸಣ್ಣದಾಗಿ ಶುರುಮಾಡಿತು. ಗಂಡಸರು ರಣರಂಗಕ್ಕೆ ಹೋಗಿದ್ದರು, ಅಂಗಡಿಯಲ್ಲಿ ಕೈ ಸಾಲುತ್ತಿರಲಿಲ್ಲ.

ಮುಂದಿನ ಹೆಜ್ಜೆ ಬಾರ್‌ಕೋಡ್. ಜೋಸೆಫ್ ವುಡ್‌ಲ್ಯಾಂಡ್ ಎಂಬ ತರುಣ, ಹುಡುಗನಿದ್ದಾಗ, ಸ್ಕೌಟ್‌ನಲ್ಲಿ ಮೋರ್ಸ್ ಸಂಕೇತ ಕಲಿತಿದ್ದ. ಮಯಾಮಿಯ ಕಡಲತೀರದಲ್ಲಿ ಕೂತು ಆ ಚುಕ್ಕೆ ಗೆರೆಗಳನ್ನು ಮರಳಿನಲ್ಲಿ ಬೆರಳಿನಿಂದ ಕೆಳಗೆ ಎಳೆದನಂತೆ. ಗೆರೆಗಳ ಈ ಯೋಚನೆಗೆ 1952ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಗೆ ಬರಲು ಇನ್ನೂ ಇಪ್ಪತ್ತೆರಡು ವರ್ಷ ಬೇಕಾಯಿತು. 1974ರ ಜೂನ್ 26ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬ ಸಣ್ಣ ಊರಿನಲ್ಲಿ ಮೊದಲ ಬಾರಿ ಬಾರ್‌ಕೋಡ್ ಓದಿಸಿ ಮಾರಿದ ವಸ್ತು ರಿಗ್ಲಿ ಕಂಪನಿಯ ಚೂಯಿಂಗ್ ಗಮ್, ಬೆಲೆ 67 ಸೆಂಟ್.

ಗಣಿತದ ಟೀಚರ್ ಆಗಿದ್ದವಳಿಗೆ ಆ ಗೆರೆಗಳ ಕೆಳಗಿನ ಅಂಕಿಗಳು ಬಲು ಇಷ್ಟ. ಒಟ್ಟು ಹದಿಮೂರು ಅಂಕಿ. ಮೊದಲ ಮೂರು, ಆ ಸಂಖ್ಯೆಯನ್ನು ಯಾವ ದೇಶದ ಸಂಸ್ಥೆ ಕೊಟ್ಟಿದೆ ಎಂದು ಹೇಳುತ್ತವೆ. ಭಾರತದ್ದು 890. ಕೊನೆಯದು ತಾಳೆಯ ಅಂಕಿ. ಎಡದಿಂದ ಮೊದಲ ಹನ್ನೆರಡು ಅಂಕಿಗಳನ್ನು ಸರದಿಯಂತೆ 1ರಿಂದ, 3ರಿಂದ ಗುಣಿಸಿ ಕೂಡಿಸಿ. ಬಂದ ಮೊತ್ತಕ್ಕೆ ಕೊನೆಯ ಅಂಕಿ ಸೇರಿಸಿದರೆ ಕಡೆಯಲ್ಲಿ ಸೊನ್ನೆ ಬರಬೇಕು. ಬರದಿದ್ದರೆ ಓದಿದ್ದರಲ್ಲಿ ದೋಷ ಇದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಮನೆಯಲ್ಲಿರುವ ಬಿಸ್ಕತ್ತಿನ ಪುಡಿಕೆ ಹಿಡಿದು ಮಕ್ಕಳಿಂದ ಮಾಡಿಸಿ ನೋಡಿ, ಮಗ್ಗಿ ತಾನಾಗಿ ಬಾಯಿಪಾಠವಾಗುತ್ತದೆ.

ಕೊನೆಯ ಹೆಜ್ಜೆ ಇಟ್ಟವನು ಫ್ಲಾರಿಡಾದ ಡೇವಿಡ್ ಹಂಬಲ್. 1984ರಲ್ಲಿ ಬಿಲ್ ಮಾಡಿಸಲು ಉದ್ದ ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ಗಿರಾಕಿ ಬೇಸತ್ತು ಕ್ಯಾಷಿಯರ್ ಕೈಯಿಂದ ಸಾಮಾನು ಕಿತ್ತುಕೊಂಡು ತಾನೇ ಓದಿಸಿದನಂತೆ. ಹಂಬಲನಿಗೆ ಅಲ್ಲೇ ದಾರಿ ಹೊಳೆಯಿತು. 1986ರಲ್ಲಿ ಅಟ್ಲಾಂಟಾ ಹತ್ತಿರದ ಕ್ರೋಗರ್ ಅಂಗಡಿಯೊಂದರಲ್ಲಿ ಆತನ ಯಂತ್ರ ನಿಂತಿತು. ಆಗ ಗಿರಾಕಿ ಸಾಮಾನು ಓದಿಸುತ್ತಿದ್ದ, ಹಣ ಮಾತ್ರ ಕ್ಯಾಷಿಯರ್ ಕೈಗೆ ಕೊಡಬೇಕಿತ್ತು. ಈಗ ಅದೂ ಇಲ್ಲ.

ಸಾಂಡರ್ಸ್ ಹುಡುಗನನ್ನು ತೆಗೆದ, ಬಾರ್‌ಕೋಡು ಕೂಡಿಸಿ ಬರೆಯುವ ಸಾವಕಾರನನ್ನು ತೆಗೆಯಿತು, ಹಂಬಲ್ ಕ್ಯಾಷಿಯರನ್ನು ತೆಗೆದ. ಒಂದೇ ಒಂದು ಕೆಲಸ ಯಾರ ಕೈಗೂ ದಾಟಲಿಲ್ಲ. ಎದುರಿಗೆ ನಿಂತ ಮನುಷ್ಯ ಎಂಥವನು, ಅವನನ್ನು ನಂಬಬಹುದೇ ಎಂದು ನೋಡುವ ಕೆಲಸ. ಆ ಕೆಲಸಕ್ಕೇ ನನಗೆ ಪಗಾರ.

ಕಾನೂನಿನ ದೀಪ

ಕೆಂಪು ದೀಪಗಳಲ್ಲಿ ಒಂದು ಪಾಲು ಕಾನೂನಿನದು. ಹದಿನೆಂಟು ತುಂಬದವರಿಗೆ ಬಿಯರು, ವೈನು, ಸಿಗರೇಟು ಮಾರುವಂತಿಲ್ಲ. ಅಡುಗೆಮನೆಯ ಚಾಕೂ ಮಾರುವಂತಿಲ್ಲ. ಇಂಥದ್ದನ್ನು ಓದಿಸಿದ ಕೂಡಲೇ ಯಂತ್ರ ನಿಲ್ಲುತ್ತದೆ. ನಾನು ಹೋಗಿ ಮುಖ ನೋಡಬೇಕು. ಹದಿನೆಂಟು ದಾಟಿದ್ದಾರೋ ಇಲ್ಲವೋ ಎಂದು ಮುಖ ನೋಡಿ ಹೇಳುವುದು ಯಾರಿಗೂ ಆಗದ ಮಾತು. ಅದಕ್ಕೇ ಇಲ್ಲಿನ ಅಂಗಡಿಗಳು ಒಂದು ರೂಢಿ ಮಾಡಿಕೊಂಡಿವೆ: ಇಪ್ಪತ್ತೈದಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಕಾರ್ಡು ಕೇಳು. ಮೂವತ್ತೆರಡರ ಹೆಂಗಸನ್ನು ಕೇಳಿದರೆ ಆಕೆಗೆ ಖುಷಿ. ಇಪ್ಪತ್ತರ ಹುಡುಗನನ್ನು ಕೇಳಿದರೆ ಮುಖ ಗಂಟಾಗುತ್ತದೆ. ಅಪ್ರಾಪ್ತರಿಗೆ ಮದ್ಯ ಮಾರಿದರೆ ದಂಡ ಅಂಗಡಿಗೆ ಮಾತ್ರವಲ್ಲ, ಗುಂಡಿ ಒತ್ತಿದವಳ ಮೇಲೂ ಬೀಳಬಹುದು. ಅದಕ್ಕೇ ಯಾರ ಗಂಟುಮುಖಕ್ಕೂ ಸೊಪ್ಪು ಹಾಕುವುದಿಲ್ಲ.

ಜ್ವರದ ಗುಳಿಗೆಗೂ ಮಿತಿ ಇದೆ. 1998ರಿಂದ ಮಾಮೂಲಿ ಅಂಗಡಿಗಳಲ್ಲಿ ಪ್ಯಾರಸಿಟಮಾಲ್ ಒಂದು ಪೆಟ್ಟಿಗೆಯಲ್ಲಿ ಹದಿನಾರಕ್ಕಿಂತ ಹೆಚ್ಚು ಇರುವಂತಿಲ್ಲ. ಅಂಗಡಿಗಳು ಒಬ್ಬರಿಗೆ ಎರಡು ಪೆಟ್ಟಿಗೆ ಮಾತ್ರ ಕೊಡುತ್ತವೆ. ಸಂಕಟದ ಗಳಿಗೆಯಲ್ಲಿ ಯಾರ ಕೈಗೂ ಹೆಚ್ಚು ಗುಳಿಗೆ ಸಿಗದಿರಲಿ ಎಂಬುದು ಉದ್ದೇಶ. ಮೂರನೆಯದನ್ನು ಓದಿಸಿದರೆ ಯಂತ್ರ ಬೇಡ ಎನ್ನುತ್ತದೆ. ಯಂತ್ರ ಹೇಳಿದ್ದನ್ನು ಮನುಷ್ಯಳಾಗಿ ಮೆಲ್ಲಗೆ ಹೇಳಬೇಕಾದವಳು ನಾನು. ಅಂಥ ವೇಳೆ ಅವರ ಮುಖವನ್ನು ಒಂದು ಕ್ಷಣ ಹೆಚ್ಚಿಗೇ ನೋಡುತ್ತೇನೆ.

ಉಳಿದವು ಸಣ್ಣ ತಕರಾರು. ಪ್ಲಾಸ್ಟಿಕ್ ಚೀಲಕ್ಕೆ 2021ರಿಂದ 10 ಪೆನ್ನಿ ಎಂದು ಸಿಟ್ಟಾಗುವವರು. ಸಂಜೆ ಅರ್ಧ ಬೆಲೆಗೆ ಇಳಿಸಿ ಹಳದಿ ಚೀಟಿ ಅಂಟಿಸಿದ ಬ್ರೆಡ್ಡಿನ ಹಳೆಯ ಬಾರ್‌ಕೋಡನ್ನೇ ಓದಿಸಿ ಪೂರ್ತಿ ಬೆಲೆ ಬಂತೆನ್ನುವವರು. ಇನ್ನು ಆದಿತ್ಯವಾರ. 1994ರ ಕಾಯ್ದೆಯಂತೆ ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಅಂದು ಆರು ತಾಸು ಮಾತ್ರ ವ್ಯಾಪಾರ ಮಾಡಬಹುದು. ಬಾಗಿಲು ತೆರೆದು ಮಂದಿಯನ್ನು ಮೊದಲೇ ಒಳಗೆ ಬಿಟ್ಟರೂ, ಹೊತ್ತಾಗುವ ತನಕ ಬಿಲ್ ಆಗುವುದಿಲ್ಲ. ತುಂಬಿದ ಬುಟ್ಟಿ ಹಿಡಿದು ನಿಂತ ಮೂವತ್ತು ಜನರಿಗೆ ಯಂತ್ರ ಯಾಕೆ ಮಲಗಿದೆ ಎಂದು ತಿಳಿಹೇಳುವುದು ಆದಿತ್ಯವಾರದ ನನ್ನ ಮೊದಲ ಕೆಲಸ.

ಗಜ್ಜರಿ ಎಂಬ ದುಬಾರಿ ಹಣ್ಣು

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರುತ್ತೇನೆ. ಕಳ್ಳತನ ನಡೆಯುವುದಿಲ್ಲವೇ? ನಡೆಯುತ್ತದೆ. ಲಂಡನ್ನಿನ ಅಪರಾಧಶಾಸ್ತ್ರಜ್ಞೆ ಎಮೆಲೀನ್ ಟೇಲರ್ ಆಸ್ಟ್ರೇಲಿಯಾದ ಸೂಪರ್‌ಮಾರ್ಕೆಟ್ ಒಂದರ ಸಂಗತಿ ಹೇಳುತ್ತಾರೆ. ಅಲ್ಲಿನ ಲೆಕ್ಕ ನೋಡಿದರೆ, ದಾಸ್ತಾನಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಗಜ್ಜರಿ ಮಾರಾಟವಾಗಿತ್ತು. ಮಂದಿ ಬೆಣ್ಣೆಹಣ್ಣು ಮುಂತಾದ ತುಟ್ಟಿಯ ಸಾಮಾನನ್ನು ತಕ್ಕಡಿಗಿಟ್ಟು, ಪರದೆಯಲ್ಲಿ ಅಗ್ಗದ ಗಜ್ಜರಿಯ ಚಿತ್ರ ಒತ್ತುತ್ತಿದ್ದರು. ಎಂದೂ ಬೇರೆ ಕಳ್ಳತನ ಮಾಡದ, ಮಾಡಲು ಅಂಜುವ ಸಾಮಾನ್ಯ ಜನ ಇವರು ಎನ್ನುತ್ತಾರೆ ಟೇಲರ್. ಮನುಷ್ಯರ ಎದುರು ಬಾಯಿಂದ ಸುಳ್ಳು ಹೇಳಲಾರದವರು ಪರದೆಯ ಎದುರು ಬೆರಳಿಂದ ಹೇಳುತ್ತಾರೆ.

ಈ ವಿಷಯದಲ್ಲಿ ಹೆಚ್ಚು ಅಧ್ಯಯನ ಮಾಡಿದವರಲ್ಲಿ ಒಬ್ಬರು ನಮ್ಮ ಊರಿನದೇ ಲೆಸ್ಟರ್ ವಿಶ್ವವಿದ್ಯಾಲಯದ ಏಡ್ರಿಯನ್ ಬೆಕ್. ವ್ಯಾಪಾರಿ ಸಂಸ್ಥೆಗಳನ್ನು ಕೇಳಿ 2022ರಲ್ಲಿ ಅವರು ಮಾಡಿದ ಅಧ್ಯಯನದ ಪ್ರಕಾರ, ಅಂಗಡಿಗಳ ಲೆಕ್ಕಕ್ಕೆ ಸಿಗದ ನಷ್ಟದಲ್ಲಿ ಶೇ 23ರಷ್ಟು ಈ ಯಂತ್ರಗಳ ಬಾಬತ್ತು ಇರಬಹುದು. ಅದರಲ್ಲಿ ಕಳ್ಳತನ ಎಷ್ಟು, ಕೈತಪ್ಪು ಎಷ್ಟು ಎಂದು ಬಿಡಿಸುವುದು ಕಷ್ಟ. ಸಿಕ್ಕಿಬಿದ್ದವರಿಗೆ “ಓದಿಸಿದ್ದೆ ಅಂದುಕೊಂಡಿದ್ದೆ, ಯಂತ್ರ ತಗೊಂಡಿಲ್ಲ” ಎಂಬ ಸಮಜಾಯಿಷಿ ಸದಾ ಸಿದ್ಧ ಇರುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು.

ಹೀಗಾಗಿ ನಮಗೆ ಹೇಳಿಕೊಡುವ ಮೊದಲ ಪಾಠ: ಯಾರನ್ನೂ ಕಳ್ಳ ಎನ್ನಬಾರದು, ಹಾಗೆ ನೋಡಲೂಬಾರದು. ಮೀನಿನ ಪ್ಯಾಕೆಟ್ ಗಾಜಿನ ಮೇಲೆ ಬಾರದೆ ನೇರ ಚೀಲಕ್ಕೆ ಹೋಗಿದ್ದು ಕಂಡರೆ, ಹತ್ತಿರ ಹೋಗಿ, “ಒಂದು ಸರಿಯಾಗಿ ಓದಿಲ್ಲ ಅನ್ನಿಸುತ್ತೆ, ಯಂತ್ರ ಆಗಾಗ ಹೀಗೆ ಮಾಡುತ್ತೆ, ನಾನು ಮಾಡಿಕೊಡಲೇ?” ಎನ್ನಬೇಕು. ತಪ್ಪನ್ನು ಯಂತ್ರದ ತಲೆಗೆ ಕಟ್ಟಬೇಕು. ಮರೆತವರು “ಅಯ್ಯೋ, ಥ್ಯಾಂಕ್ಸ್” ಎನ್ನುತ್ತಾರೆ. ಬೇಕೆಂದೇ ಮಾಡಿದವರೂ “ಅಯ್ಯೋ, ಥ್ಯಾಂಕ್ಸ್” ಎನ್ನುತ್ತಾರೆ. ಎರಡರ ನಡುವಿನ ಅಂತರ ನನಗೆ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಚೀಟಿ ಇಟ್ಟುಕೊಂಡ ಹುಡುಗನ ಬೆಂಚಿನ ಪಕ್ಕ ಏನೂ ಅನ್ನದೆ ಹೋಗಿ ನಿಲ್ಲುತ್ತಿದ್ದೆನಲ್ಲ, ಅದೇ ವಿದ್ಯೆ ಇಲ್ಲೂ ಉಪಯೋಗಕ್ಕೆ ಬಂತು.

ಒಂದು ರಾತ್ರಿ, ಅಂಗಡಿ ಮುಚ್ಚುವ ಹೊತ್ತಿಗೆ, ಒಬ್ಬ ತಾಯಿ ಕೂಸಿನ ಹಾಲುಪುಡಿಯ ಡಬ್ಬಿಯನ್ನು ತಳ್ಳುಗಾಡಿಯ ಕೆಳಗೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಓದಿಸಿದಳು. ನಾನು ಮಾಮೂಲಿ ಮಾತು ಹೇಳಿದೆ. ಆಕೆ ಡಬ್ಬಿ ತೆಗೆದು ಕೊಟ್ಟಳು, ಬೆಲೆ ನೋಡಿದಳು, ಬೇಡ ಎಂದಳು. ಆಮೇಲೆ ಬಿಲ್ಲಿನಿಂದ ಬ್ರೆಡ್ಡು, ಬಿಸ್ಕತ್ತು ತೆಗೆಸಿ, ಡಬ್ಬಿ ಸೇರಿಸು ಎಂದಳು. ತೆಗೆದೆ, ಸೇರಿಸಿದೆ. ಯರಗಟ್ಟಿಯ ಪೇಟೆಯಲ್ಲಾಗಿದ್ದರೆ ಸಾವಕಾರರು ವಹಿ ತೆಗೆದು ಉದ್ರಿ ಬರೆದುಕೊಂಡು ಡಬ್ಬಿ ಕೊಟ್ಟುಬಿಡುತ್ತಿದ್ದರು. ಆಕೆಯ ಮನೆ ಯಾವುದು, ಗಂಡನಿಗೆ ಪಗಾರ ಎಂದು ಬರುತ್ತದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ನನ್ನ ಹತ್ತು ಯಂತ್ರದಲ್ಲಿ ಉದ್ರಿಯ ಗುಂಡಿ ಇಲ್ಲ.

ಕಾವಲು ಈಚೆಗೆ ಹೆಚ್ಚಾಗಿದೆ. ಹೊರಹೋಗಲು ರಸೀದಿ ತೋರಿಸಿದರೆ ಮಾತ್ರ ತೆರೆಯುವ ಗೇಟುಗಳು ಬಂದಿವೆ. 2025ರಲ್ಲಿ ಟೆಸ್ಕೊ ಎಂಬ ಸೂಪರ್‌ಮಾರ್ಕೆಟ್ ಬಳಗ ತನ್ನ ಕೆಲವು ಅಂಗಡಿಗಳಲ್ಲಿ ತಲೆಯ ಮೇಲೆ ಕ್ಯಾಮೆರಾ ಇಟ್ಟು, ಓದಿಸದೆ ಉಳಿದ ಸಾಮಾನಿನ ವಿಡಿಯೊವನ್ನು ಗಿರಾಕಿಗೇ ಮರಳಿ ತೋರಿಸಲು ತೊಡಗಿತು. ಫುಟ್‌ಬಾಲಿನ ವಿಡಿಯೊ ರೆಫರಿ ಎಂದು ಜನ ನಕ್ಕರು. ನನಗೆ ಕಂಡದ್ದು ಇನ್ನೊಂದು. ವಿಡಿಯೊಗೆ, ತಪ್ಪು ಯಂತ್ರದ್ದು ಎಂದು ಹೇಳಿ ಮಂದಿಯ ಮಾನ ಕಾಯಲು ಬರುವುದಿಲ್ಲ.

ನಿಲ್ಲುವವರ ಲೆಕ್ಕ

2025ರ ಏಪ್ರಿಲ್‌ನಲ್ಲಿ ಇಲ್ಲಿ ಇಪ್ಪತ್ತೊಂದು ತುಂಬಿದವರಿಗೆ ಕನಿಷ್ಠ ಕೂಲಿ ತಾಸಿಗೆ 12.21 ಪೌಂಡ್ ಇತ್ತು. ನಮ್ಮಂಥವರದು ಹೆಚ್ಚು ಕಡಿಮೆ ಅದರ ಆಸುಪಾಸು. ಜೊತೆಗಿರುವವರಲ್ಲಿ ಓದಲು ಬಂದ ಹುಡುಗ ಹುಡುಗಿಯರು ಬಹಳ. ಹೈದರಾಬಾದಿನವರು, ಪುಣೆಯವರು, ನೈಜೀರಿಯಾದವರು. ವಿದ್ಯಾರ್ಥಿ ವೀಸಾದವರು ಕಾಲೇಜು ನಡೆಯುವಾಗ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. ಕೆಲಸದ ದಣಿವು ಕಾಲಿಗಿಂತ ಕಿವಿಗೆ ಹೆಚ್ಚು. ಹತ್ತು ಯಂತ್ರದ ‘ಪೀಂ ಪೀಂ’ ಮನೆಗೆ ಬಂದ ಮೇಲೂ ಬಿಡುವುದಿಲ್ಲ. ಬೈಗಳೂ ಬೀಳುತ್ತವೆ. ಯಂತ್ರದ ಮೇಲಿನ ಸಿಟ್ಟಿಗೆ ಸಿಗುವವಳು ನಾನೇ. ಅಂಗಡಿ ನೌಕರರ ಸಂಘ ‘ಅಸ್‌ಡಾ’ (Usdaw) ಪ್ರತಿ ನವೆಂಬರಿನಲ್ಲಿ ಅಂಗಡಿ ನೌಕರರನ್ನು ಗೌರವಿಸಿ ಎಂದು ವಾರವಿಡೀ ಪ್ರಚಾರ ಮಾಡಬೇಕಾದ ಸ್ಥಿತಿ ಇದೆ.

ಯಂತ್ರದಿಂದ ಹಿಂದೆ ಸರಿದವರೂ ಇದ್ದಾರೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಎಂಬ ಹಳೆಯ ಅಂಗಡಿಗಳ ಬಳಗ 2023ರ ನವೆಂಬರಿನಲ್ಲಿ, ಎರಡು ಕಡೆ ಬಿಟ್ಟು ಉಳಿದೆಲ್ಲ ಅಂಗಡಿಗಳಿಂದ ಈ ಯಂತ್ರ ತೆಗೆಯುವುದಾಗಿ ಹೇಳಿತು. ನೆದರ್‌ಲ್ಯಾಂಡ್ಸಿನ ಯುಂಬೊ ಎಂಬ ಸೂಪರ್‌ಮಾರ್ಕೆಟ್ 2019ರಲ್ಲಿ ಇನ್ನೂ ಮುಂದೆ ಹೋಗಿ ಒಂದು ಹರಟೆಯ ಕೌಂಟರ್ ತೆರೆಯಿತು. ಅಲ್ಲಿ ಅವಸರ ಇಲ್ಲದವರು ಕ್ಯಾಷಿಯರ್ ಜೊತೆ ನಾಲ್ಕು ಮಾತಾಡಿ ಹೋಗಬಹುದು. ಒಂಟಿ ಮುದುಕರಿಗೆ ಇಡೀ ದಿನದಲ್ಲಿ ಸಿಗುವ ಮಾತು ಅದೊಂದೇ ಇರಬಹುದು ಎಂಬ ಲೆಕ್ಕಾಚಾರ. ಹಾಗೆಂದು ಯಂತ್ರ ಕೆಟ್ಟದ್ದು ಎನ್ನಲಾರೆ. ಎರಡು ಸಾಮಾನು ಕೊಂಡು ಬಸ್ಸು ಹಿಡಿಯಬೇಕಾದವರಿಗೆ ಅದು ವರ. ಭಾಷೆ ಬಾರದೆ ಕ್ಯಾಷಿಯರ್ ಎದುರು ನಾಚುವವರಿಗೂ ಅನುಕೂಲ. ಹೊಸದಾಗಿ ಈ ದೇಶಕ್ಕೆ ಬಂದಾಗ ನಾನೇ ಅದರ ಮರೆಗೆ ನಿಂತವಳು.

ಯರಗಟ್ಟಿಯ ಪೇಟೆಯಲ್ಲಿ

ಈ ಸಲ ರಜೆಗೆ ಬಂದಾಗ ನಮ್ಮಣ್ಣನ ಕಿರಾಣಿ ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೆ. ಗಲ್ಲಾದ ಮುಂದೆ ಕ್ಯೂಆರ್ ಹಲಗೆ, ಪಕ್ಕದಲ್ಲಿ ಸಣ್ಣ ಸ್ಪೀಕರ್ ಡಬ್ಬಿ. ಗಿರಾಕಿ ಮೊಬೈಲ್ ಹಿಡಿಯುತ್ತಾನೆ, ಡಬ್ಬಿ ಇಷ್ಟು ರೂಪಾಯಿ ಬಂತು ಎಂದು ಕನ್ನಡದಲ್ಲಿ ಕೂಗುತ್ತದೆ. ಅಣ್ಣ ಕತ್ತೆತ್ತದೆ ಶೇಂಗಾ ತೂಗುತ್ತಿರುತ್ತಾನೆ. 2016ರಲ್ಲಿ ಶುರುವಾದ ಯುಪಿಐ, ಗಿರಾಕಿಯೇ ಹಣ ಪಾವತಿಯ ಕೆಲಸ ಮುಗಿಸುವ ಹಾಗೆ ಮಾಡಿದೆ. ಆ ಮಟ್ಟಿಗೆ ನಮ್ಮೂರಿಗೂ ಯಂತ್ರ ಬಂದಿದೆ, ಅದೂ ದುಬಾರಿ ಕಟ್ಟೆ ಕ್ಯಾಮೆರಾ ಇಲ್ಲದೆ. ಆದರೆ ಅದೇ ಗಲ್ಲಾದ ಕೆಳಗೆ ಉದ್ರಿಯ ವಹಿಯೂ ಇದೆ. ಹತ್ತಿ ಮಾರಿದ ಮೇಲೆ, ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುವವರ ಹೆಸರುಗಳು ಅದರಲ್ಲಿವೆ. “ಇವರು ಕೊಡ್ತಾರ ಅಂತ ಹೆಂಗ ಗೊತ್ತು?” ಎಂದು ಕೇಳಿದೆ. “ಅವರಪ್ಪ ಕೊಟ್ಟಾನಲ್ಲ” ಎಂದ ಅಣ್ಣ. ಅಷ್ಟೇ ಅವನ ತಕ್ಕಡಿ.

ಅವನ ತಕ್ಕಡಿಗೂ ಕುಂದಿದೆ. ಹೊಸದಾಗಿ ಊರಿಗೆ ಬಂದ ಕೂಲಿಯವರಿಗೆ, ಅಪ್ಪನ ಹೆಸರು ಯಾರಿಗೂ ಗೊತ್ತಿಲ್ಲದವರಿಗೆ ಆ ವಹಿಯಲ್ಲಿ ಜಾಗ ಸಿಗುವುದು ಕಷ್ಟ. ನನ್ನ ಯಂತ್ರ ಮಾತ್ರ ಯಾರ ಕುಲಗೋತ್ರವನ್ನೂ ಕೇಳುವುದಿಲ್ಲ, ಎಲ್ಲರನ್ನೂ ಸಮನಾಗಿ ಅನುಮಾನಿಸುತ್ತದೆ.

ನನ್ನ ಕೆಲಸದ ನಿಜವಾದ ಓರಗೆಯವರು ನಮ್ಮ ಕಡೆ ಬೇರೆಲ್ಲೋ ಇದ್ದಾರೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರದ ಪಕ್ಕ ನಿಂತವರನ್ನು ನೋಡಿ. ಹೊಲದಲ್ಲಿ ಕಳೆ ಕಿತ್ತು, ಕಬ್ಬು ಕಡಿದು ಬೆರಳಿನ ಗೆರೆ ಸವೆದ ಆಯಿ ಬರುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಬೆರಳು ಒರೆಸಿ, ಇನ್ನೊಂದು ಬೆರಳು ಇಡಿಸಿ, ಅದೂ ಆಗದಿದ್ದರೆ ಮೊಬೈಲಿಗೆ ಓಟಿಪಿ ತರಿಸಿ, ಅಂತೂ ಆಕೆಯ ಅಕ್ಕಿ ಆಕೆಗೆ ಮುಟ್ಟಿಸುವವರು ಅವರು. ಬ್ಯಾಂಕಿನ ಎಟಿಎಂ ಬಾಗಿಲಲ್ಲಿ “ಹಸಿರು ಗುಂಡಿ ಒತ್ತರಿ ಯಜಮಾನ್ರ” ಎನ್ನುವ ಕಾವಲುಗಾರನೂ ಅದೇ ಸಾಲಿನವನು. ಅವರ ನೇಮಕಾತಿಯ ಕಾಗದದಲ್ಲಿ ಈ ಕೆಲಸ ಬರೆದಿರುವುದಿಲ್ಲ, ಅದಕ್ಕೆ ಪಗಾರವೂ ಇಲ್ಲ. ಆದರೆ ಅವರಿಲ್ಲದಿದ್ದರೆ ಆ ಯಂತ್ರಗಳು ಅರ್ಧ ಊರಿಗೆ ಬಾಗಿಲು ಹಾಕಿದಂತೆ.

ಬೆಂಗಳೂರಿನ ದೊಡ್ಡ ಮಳಿಗೆಗಳಲ್ಲಿ ಗಿರಾಕಿಯೇ ಬಿಲ್ ಮಾಡಿಕೊಳ್ಳುವ ಯಂತ್ರ ಆಗಲೇ ಇದೆ. ಬೆಳಗಾವಿಗೆ, ಹುಬ್ಬಳ್ಳಿಗೆ ಬರಲು ಬಹಳ ಕಾಲ ಬೇಕಾಗಿಲ್ಲ. ತರುವವರಿಗೆ, ಆ ಕಟ್ಟೆಯ ಪಕ್ಕ ನಿಂತು ಕಲಿತವಳಾಗಿ ನಾಲ್ಕು ಮಾತು ಹೇಳುತ್ತೇನೆ. ಪರದೆಯಲ್ಲಿ ಮೊದಲ ಭಾಷೆ ಕನ್ನಡ ಇರಲಿ, ಗಜ್ಜರಿಯ ಚಿತ್ರದ ಕೆಳಗೆ ಗಜ್ಜರಿ ಎಂದೇ ಬರೆದಿರಲಿ. ಮನುಷ್ಯರು ಕೂತ ಕೌಂಟರ್ ಒಂದಾದರೂ ಉಳಿಯಲಿ. ಯಂತ್ರದ ಪಕ್ಕ ನಿಲ್ಲಿಸುವ ಹುಡುಗಿಗೆ ಒಂದು ಸ್ಟೂಲು ಕೊಡಿ. ಕಳ್ಳರನ್ನು ಹಿಡಿಯುವುದನ್ನು ಆಕೆಗೆ ಕಲಿಸುವ ಮೊದಲು, ಕಳ್ಳರಲ್ಲದವರ ಮಾನ ಕಾಯುವುದನ್ನು ಕಲಿಸಿ. ಅಂಗಡಿಗೆ ಬರುವವರಲ್ಲಿ ಅವರೇ ಹೆಚ್ಚು.